ಕೆಲವು ಸ್ಫೂರ್ತಿ ಕವಿತೆಗಳು ಮಾತ್ರ ಯಾಕೆ ಮನಸ್ಸಲ್ಲಿ ಉಳಿಯುತ್ತವೆ?

ಪ್ರಶ್ನೆ: ಛಲ ಬಿಡಬೇಡ, ನಾಳೆ ಒಳ್ಳೆಯದಾಗುತ್ತೆ ಎನ್ನುವ ಕವಿತೆಗಳನ್ನು ಬೇಕಾದಷ್ಟು ಓದುತ್ತೇನೆ. ಕೆಲವು ವರ್ಷಗಟ್ಟಲೆ ನೆನಪಲ್ಲಿರುತ್ತವೆ. ಹೆಚ್ಚಿನವು ಭಾಷಣದ ಥರ ಬಂದು ಹೋಗುತ್ತವೆ. ಹೇಳುವ ವಿಷಯ ಒಂದೇ ಅಲ್ವಾ, ಮತ್ಯಾಕೆ ಹೀಗೆ?

ಉತ್ತರ: ವಿಷಯ ಒಂದೇ, ನಿಜ. ಆದರೆ ಆ ಕವಿತೆ ಕಷ್ಟಕ್ಕೆ ಎಷ್ಟು ಜಾಗ ಕೊಟ್ಟಿದೆ, ಸ್ವಲ್ಪ ಗಮನಿಸಿ. ಕಷ್ಟವನ್ನು ಒಂದೇ ಪದದಲ್ಲಿ ಮುಗಿಸಿ ಗೆಲುವಿಗೆ ಹಾರುವ ಕವಿತೆಯನ್ನು ಕಷ್ಟದಲ್ಲಿರುವವರು ನಂಬುವುದಿಲ್ಲ. 'ನಿನಗೇನು ಗೊತ್ತು ಬಿಡು' ಅನ್ನಿಸಿಬಿಡುತ್ತದೆ.

ಇಂಗ್ಲಿಷಿನ 'ಇನ್ವಿಕ್ಟಸ್' ಕವಿತೆಯ ಕೊನೆಯ ಎರಡು ಸಾಲು ಎಲ್ಲ ಕಡೆ ಓಡಾಡುತ್ತವೆ. ನನ್ನ ಹಣೆಬರಹಕ್ಕೆ ನಾನೇ ಒಡೆಯ, ನನ್ನ ಆತ್ಮಕ್ಕೆ ನಾನೇ ಕಪ್ತಾನ ಎಂಬರ್ಥದ ಸಾಲುಗಳು. ಅವೆರಡನ್ನೇ ಓದಿದರೆ ಸ್ವಲ್ಪ ಜಂಬದ ಮಾತೇ. ಆದರೆ ಕವಿತೆ ಇರುವುದು 16 ಸಾಲು. ಶುರುವಾಗುವುದೇ ಕವಿದ ಕತ್ತಲಿನಿಂದ. ಆಮೇಲೆ ವಿಧಿಯ ಏಟು, ರಕ್ತ ಸುರಿಯುವ ತಲೆ, ಮುಂದೆ ಕಾದಿರುವ ಸಾವಿನ ನೆರಳು. ಇಷ್ಟನ್ನೂ ದಾಟಿದ ಮೇಲೆ ಆ ಎರಡು ಸಾಲು ಬರುತ್ತವೆ.

ಬರೆದ ವಿಲಿಯಂ ಅರ್ನೆಸ್ಟ್ ಹೆನ್ಲಿ ಮೂಳೆ ಕ್ಷಯದಿಂದ ಒಂದು ಕಾಲು ಕಳೆದುಕೊಂಡಿದ್ದವರು. ಇನ್ನೊಂದೂ ಹೋಗುತ್ತದೆ ಎನ್ನುವ ಹೊತ್ತಿಗೆ ಎಡಿನ್‌ಬರೋ ಆಸ್ಪತ್ರೆ ಸೇರಿದರು. ಅಲ್ಲಿ ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಅದನ್ನು ಉಳಿಸಿಕೊಟ್ಟರು. ಕವಿತೆ 1875ರದ್ದು, ಅಚ್ಚಾದದ್ದು 1888ರಲ್ಲಿ. (ಆಗ ಅದಕ್ಕೆ ತಲೆಬರಹವೇ ಇರಲಿಲ್ಲ. 'ಇನ್ವಿಕ್ಟಸ್' ಅನ್ನೋದು 1900ರಲ್ಲಿ ಸಂಕಲನಕಾರರೊಬ್ಬರು ಇಟ್ಟ ಹೆಸರು.) ಕಾಲು ವಾಸಿಯಾಗುತ್ತದೆ ಅಂತ ಹೆನ್ಲಿ ಈ ಕವಿತೆಯಲ್ಲಿ ಎಲ್ಲೂ ಬರೆಯಲಿಲ್ಲ. ತಲೆ ಬಾಗಿಸಿಲ್ಲ ಅಂದರು, ಅಷ್ಟೇ. ಅಂದರೆ ಇಲ್ಲಿ ಛಲ ಇದೆ, ಎಲ್ಲ ಸರಿಹೋಗುತ್ತದೆ ಎಂಬ ಭರವಸೆ ಇಲ್ಲ. ಇವೆರಡನ್ನೂ ನಾವು ಸುಮ್ನೆ ಒಂದೇ ಚೀಲಕ್ಕೆ ತುಂಬುತ್ತೇವೆ.

ಭರವಸೆಯ ಕವಿತೆಗೆ ಇನ್ನೊಂದು ಪರೀಕ್ಷೆ ಇದೆ: ಅದು ಎಷ್ಟು ದೊಡ್ಡ ಮಾತು ಕೊಡುತ್ತದೆ? ಜಿ.ಎಸ್. ಶಿವರುದ್ರಪ್ಪನವರ ಹಣತೆಯ ಕವಿತೆ ನೆನಪಿಸಿಕೊಳ್ಳಿ. ಹಣತೆ ಹಚ್ಚುವವನು ಕತ್ತಲನ್ನು ಗೆಲ್ಲುತ್ತೇನೆ ಎಂಬ ಜಿದ್ದೇ ತನಗಿಲ್ಲ ಅಂತ ಮೊದಲೇ ಹೇಳಿಬಿಡುತ್ತಾನೆ. ದೀಪ ಉರಿಯುವಷ್ಟು ಹೊತ್ತು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಬಹುದು, ಆಸೆ ಇಷ್ಟೇ. ದೀಪ ಆರುತ್ತದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಇಷ್ಟು ಚಿಕ್ಕ ಆಸೆಯನ್ನು ಯಾರು ಬೇಕಾದರೂ ನಂಬಬಹುದು. ಆಶಾವಾದದ ಕವಿತೆ ಅಂದರೆ ನನಗೆ ಮೊದಲು ಹೊಳೆಯುವುದು ಇದೇ. ಇದನ್ನು ಯಾರೂ ಗೋಡೆಗೆ ಅಂಟಿಸಿಕೊಳ್ಳುವುದಿಲ್ಲ, ಅದು ಬೇರೆ ಮಾತು.

ಹಾಗಾದರೆ 'ಹೀಗಿರು, ಹಾಗಿರು' ಎನ್ನುವ ಕವಿತೆಗಳೆಲ್ಲ ಕೆಟ್ಟವೇ? ಖಂಡಿತ ಇಲ್ಲ. 1943ರಲ್ಲಿ ಪ್ರಕಟವಾದ ಡಿವಿಜಿಯವರ 'ಮಂಕುತಿಮ್ಮನ ಕಗ್ಗ'ದಲ್ಲಿ ಅಂಥ ಮಾತು ಬೇಕಾದಷ್ಟಿವೆ. 'ಹುಲ್ಲಾಗು ಬೆಟ್ಟದಡಿ' ಎಂಬ ಪದ್ಯವನ್ನು ನಿಧಾನವಾಗಿ ಓದಿ. ಕಲ್ಲಾಗು ಎನ್ನುವುದು ಒಂದೇ ಸಾಲಲ್ಲಿ, ಅದೂ ಕಷ್ಟಗಳ ಮಳೆ ಸುರಿಯುವಾಗ. ಉಳಿದ ಕಡೆ ಹುಲ್ಲು, ಮಲ್ಲಿಗೆ, ಬೆಲ್ಲ, ಸಕ್ಕರೆ. ಗಟ್ಟಿಯಾಗು ಅನ್ನುವುದಕ್ಕಿಂತ ಮೆತ್ತಗಿರು ಅನ್ನುವುದೇ ಜಾಸ್ತಿ. ಜೊತೆಗೆ ಬುದ್ಧಿಮಾತು ಹೋಗಿ ಮುಟ್ಟುವುದು ಮಂಕುತಿಮ್ಮನಿಗೆ. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇವೆ. ಬೆರಳು ನೇರ ನಮ್ಮ ಕಡೆ ತಿರುಗಿಲ್ಲವಾದ್ದರಿಂದ ಸಿಟ್ಟು ಬರುವುದಿಲ್ಲ.

ಪ್ರಾಸ, ಲಯದ ಪಾಲೂ ಇದೆ. ಕಷ್ಟದ ಹೊತ್ತಲ್ಲಿ ಯಾರೂ ಪುಸ್ತಕ ಹುಡುಕುವುದಿಲ್ಲ. ಬಾಯಲ್ಲಿ ನಿಂತ ಸಾಲೇ ಬರುತ್ತದೆ. ಅಮೆರಿಕದ ಕಪ್ಪು ಕವಯಿತ್ರಿ ಮಾಯಾ ಏಂಜೆಲೋ ಅವರ 1978ರ 'ಸ್ಟಿಲ್ ಐ ರೈಸ್' ಕವಿತೆಯಲ್ಲಿ ಒಂದೊಂದು ಅವಮಾನದ ಹಿಂದೆಯೂ 'ಏಳುತ್ತೇನೆ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಪಲ್ಲವಿಯೇ ಛಲ.

ನೀವೂ ಬರೆಯುವವರಾದರೆ ಒಂದು ಕೆಲಸ ಮಾಡಿ ನೋಡಿ. 'ಸೋಲೇ ಗೆಲುವಿನ ಮೆಟ್ಟಿಲು' ಎಂಬಂಥ ಸಾಲು ಬಂದ ಕಡೆ ಒಬ್ಬ ಮನುಷ್ಯನನ್ನು ತಂದು ಕೂರಿಸಿ. ತಿರಸ್ಕಾರವಾಗಿ ಬಂದ ಅರ್ಜಿಯ ಹಿಂಬದಿಯಲ್ಲೇ ಹೊಸ ಅರ್ಜಿಯ ಕರಡು ಬರೆಯುತ್ತಿರುವ ಹುಡುಗಿ, ಅಂತಿಟ್ಟುಕೊಳ್ಳಿ. ಅವಳ ಪೆನ್ನು ಎಲ್ಲಿ ತಡೆಯಿತು, ಯಾವ ಸಾಲನ್ನು ಹೊಡೆದು ಹಾಕಿದಳು, ಅಷ್ಟು ಬರೆಯಿರಿ. ಕೆಲಸ ಸಿಕ್ಕಿತೋ ಇಲ್ಲವೋ ಹೇಳಲೇಬೇಕು ಅಂತೇನಿಲ್ಲ.