ದೆಹಲಿ ಚಳಿಗಾಲದ ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ): 346 ಬರುವುದು ಹೇಗೆ?

ಅಕ್ಟೋಬರ್‌ ನಡುವಿನಿಂದ ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುತ್ತಾರೆ. ಆದರೆ ಆ ಹೊಗೆ ನಿಂತ ಮೇಲೂ ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಗಾಳಿ ಕೆಟ್ಟೇ ಇರುತ್ತದೆ. ರಾತ್ರಿ ನೆಲ ತಣಿದು ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಲ್ಲುತ್ತದೆ (ಉಷ್ಣತಾ ವಿಲೋಮ). ವಾಹನದ ಹೊಗೆ, ಕಸ ಸುಟ್ಟ ಹೊಗೆ ಮೇಲೇರದೆ ಅಲ್ಲೇ ಉಳಿಯುತ್ತವೆ. ಪರೀಕ್ಷೆಯಲ್ಲಿ ಇದರ ಕಾರಣ ಕೇಳಿದಾಗ ಕೂಳೆಯನ್ನಷ್ಟೇ ಬರೆದರೆ ಅದು ಅರ್ಧ ಉತ್ತರ.

ಎಡವುವುದು ಲೆಕ್ಕದಲ್ಲಿ. ಎಕ್ಯೂಐ 346 ಎಂದರೆ 346 ಮೈಕ್ರೋಗ್ರಾಂ ಅಲ್ಲ. ಮೊದಲು ಪ್ರತಿ ಮಾಲಿನ್ಯಕಾರಕಕ್ಕೂ ಉಪಸೂಚ್ಯಂಕ (ಅದೊಂದರದೇ ಸೂಚ್ಯಂಕ) ತೆಗೆಯಬೇಕು. ಪಿಎಂ 2.5ರ (2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಧೂಳಿನ ಕಣಗಳ) 24 ಗಂಟೆಯ ಸರಾಸರಿ ಘನ ಮೀಟರ್‌ಗೆ 180 ಮೈಕ್ರೋಗ್ರಾಂ ಎನ್ನಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ ಅದು 121–250ರ ಸಾಲು. ಅದಕ್ಕೆ ಹೊಂದುವ ಸೂಚ್ಯಂಕದ ಸಾಲು 301–400.

(400−301) ÷ (250−121) = 99 ÷ 129 = 0.767
0.767 × (180−121) = 45.3
45.3 + 301 = 346

ಕೊನೆಯಲ್ಲಿ 301 ಕೂಡಿಸುವುದನ್ನು ಮರೆತರೆ 45 ಬಂದು, ವಿಷಗಾಳಿ 'ಉತ್ತಮ' ವರ್ಗಕ್ಕೆ ಸೇರಿಬಿಡುತ್ತದೆ! ಅದೇ ದಿನ ಪಿಎಂ 10 (10 ಮೈಕ್ರೋಮೀಟರ್‌ವರೆಗಿನ ಕಣಗಳು) ಪ್ರಮಾಣ 300 ಇದ್ದರೆ ಅದರ ಉಪಸೂಚ್ಯಂಕ 250. ಇವೆರಡರ ಸರಾಸರಿ ತೆಗೆಯಬಾರದು. ಎಲ್ಲಕ್ಕಿಂತ ದೊಡ್ಡದೇ ಎಕ್ಯೂಐ, ಅಂದರೆ 346.

ಇನ್ನೊಂದು ಮಾತು, ನನ್ನ ಮಟ್ಟಿಗೆ ಇದೇ ಮುಖ್ಯ: ಮೆಟ್ಟಿಲುಗಳು ಸಮವಲ್ಲ. ಸೂಚ್ಯಂಕ 100ರಿಂದ 200ಕ್ಕೆ ಏರಲು ಪಿಎಂ 2.5 ಬರೀ 30 ಮೈಕ್ರೋಗ್ರಾಂ (60→90) ಹೆಚ್ಚಿದರೆ ಸಾಕು; 300ರಿಂದ 400ಕ್ಕೆ 130 (120→250) ಬೇಕು. ಹಾಗಾಗಿ 400ರ ದಿನ ಒಳಗೆಳೆಯುವ ಧೂಳು 300ರ ದಿನದ ಎರಡು ಪಟ್ಟಿಗೂ ಹೆಚ್ಚು. ಅಂಕಿ ಮೂರನೇ ಒಂದರಷ್ಟೇ ಏರಿದೆ ಎಂದು ಸಮಾಧಾನಪಡುವಂತಿಲ್ಲ.

ನಮ್ಮ ಪಟ್ಟಿ 'ಸಮಾಧಾನಕರ' ಎನ್ನುವ ಸೂಚ್ಯಂಕ 100 ಎಂದರೂ ಪಿಎಂ 2.5 ಪ್ರಮಾಣ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಿತಿ 24 ಗಂಟೆಗೆ 15. ಅಮೆರಿಕದ ಪಟ್ಟಿಯಲ್ಲಿ ಅದೇ 60 ಹಾಕಿದರೆ ಸೂಚ್ಯಂಕ 150 ದಾಟುತ್ತದೆ. ಮೊಬೈಲ್ ಆ್ಯಪ್ ಯಾವ ದೇಶದ ಪಟ್ಟಿ ಬಳಸುತ್ತಿದೆ ಎಂದು ಮೊದಲು ನೋಡಿ.

ಆರೋಗ್ಯ: ಪಿಎಂ 10 ಹೆಚ್ಚಾಗಿ ಮೂಗು, ಶ್ವಾಸನಾಳಗಳಲ್ಲೇ ಸಿಕ್ಕಿಕೊಳ್ಳುತ್ತದೆ, ಪಿಎಂ 2.5 ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಆಸ್ತಮಾ ಉಲ್ಬಣದ ಜೊತೆಗೆ ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಅಪಾಯವನ್ನೂ ಬರೆಯಿರಿ.

ಎಕ್ಯೂಐ 24 ಗಂಟೆಯ ಸರಾಸರಿಯಾದ್ದರಿಂದ ಈ ಕ್ಷಣದ ಗಾಳಿಯನ್ನು ಹೇಳದು. ಹೊರಗೆ ಹೊರಡುವ ಮುನ್ನ ಗಂಟೆವಾರು ಪಿಎಂ 2.5 ನೋಡಿ: ಚಳಿಗಾಲದಲ್ಲಿ ಸಾಮಾನ್ಯವಾಗಿ ನಸುಕಿನಲ್ಲಿ ಹೆಚ್ಚು, ಮಧ್ಯಾಹ್ನ ಕಡಿಮೆ. ಬಟ್ಟೆಯ ಮಾಸ್ಕ್ ಸಾಲದು, ಎನ್95 ಬೇಕು. ಅದರ ಮೂಗಿನ ಪಟ್ಟಿಯನ್ನು ಒತ್ತಿ ಕೂರಿಸಿ. ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಅಂಚು ಸೋರುತ್ತಿದೆ, ಮತ್ತೆ ಸರಿಪಡಿಸಿ.