ಲೋಕಾಯುಕ್ತ ಬಲೆಗೆ ಬಿದ್ದ ಮೇಲೆ ಕಡತ ಎಲ್ಲೆಲ್ಲಿ ನಿಲ್ಲುತ್ತದೆ?

ಬೆಳಗಿನ ಜಾವದ ದಾಳಿ, ಮೇಜಿನ ಮೇಲೆ ಹರಡಿದ ಚಿನ್ನ, ನೋಟಿನ ಕಂತೆ. ಇಷ್ಟು ಟಿವಿಯಲ್ಲಿ ಬಂದರೆ ಭ್ರಷ್ಟ ಸಿಕ್ಕಿಬಿದ್ದ, ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. ಪ್ರಕರಣ ಶುರುವಾಗುವುದೇ ಅಲ್ಲಿಂದ. ಕೆಲವು ತಿಂಗಳಾದ ಮೇಲೆ ಅದೇ ಅಧಿಕಾರಿ ಬೇರೊಂದು ಕಚೇರಿಯ ಕುರ್ಚಿಯಲ್ಲಿ ಕಾಣಿಸಿಕೊಂಡಾಗ ಜನ ಲೋಕಾಯುಕ್ತವನ್ನೇ ಬೈಯುತ್ತಾರೆ. ಆ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ ಹೀಗೆ: 1964ರಲ್ಲಿ ಭ್ರಷ್ಟಾಚಾರ ತಡೆ ಕುರಿತ ಸಂತಾನಂ ಸಮಿತಿ ವರದಿ, 1966ರಲ್ಲಿ ಮೊರಾರ್ಜಿ ದೇಸಾಯಿ ನೇತೃತ್ವದ ಆಡಳಿತ ಸುಧಾರಣಾ ಆಯೋಗದಿಂದ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಎಂಬ ಶಿಫಾರಸು, 1971ರಲ್ಲಿ ಮಹಾರಾಷ್ಟ್ರದ ಕಾಯ್ದೆ. ಕೇಂದ್ರಕ್ಕೆ ಮೊದಲ ಲೋಕಪಾಲರು ಬರಲು 2019 ಆಗಬೇಕಾಯಿತು. ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದ ಕಾಲಕ್ಕೆ 1984ರ ಕಾಯ್ದೆ ಬಂತು. ಅದು ಜಾರಿಯಾದದ್ದು 1986ರ ಜನವರಿಯಲ್ಲಿ.

ಎಲ್ಲ ಗೊಂದಲದ ಬೇರು ಈ ಸಂಸ್ಥೆಯ ರಚನೆಯಲ್ಲಿದೆ. ಲೋಕಾಯುಕ್ತ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ. ಒಂದು, 1984ರ ಕಾಯ್ದೆಯಡಿ ದೂರು ತೆಗೆದುಕೊಂಡು ವಿಚಾರಣೆ ನಡೆಸಿ ಸರ್ಕಾರಕ್ಕೆ ವರದಿ ಕೊಡುವುದು. ಇದಕ್ಕೆ ನಿಗದಿತ ನಮೂನೆಯ ದೂರು, ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಬೇಕು. ಆರೋಪದ ಕೃತ್ಯ ನಡೆದು ಐದು ವರ್ಷ ದಾಟಿರಬಾರದು. ಎರಡನೆಯದು, ಲೋಕಾಯುಕ್ತ ಪೊಲೀಸರು ಭ್ರಷ್ಟಾಚಾರ ತಡೆ ಕಾಯ್ದೆಯಡಿ ಎಫ್‌ಐಆರ್ ಹಾಕಿ ತನಿಖೆ ಮಾಡುವುದು. ಈ ಎರಡನೆಯ ಅಧಿಕಾರ 1984ರ ಕಾಯ್ದೆಯಿಂದ ಬಂದದ್ದಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿ ಆ ಕಚೇರಿಗಳನ್ನು ಪೊಲೀಸ್ ಠಾಣೆ ಎಂದು ಘೋಷಿಸಿದ್ದರಿಂದ ಬಂದದ್ದು. ಅಧಿಸೂಚನೆಯಿಂದ ಕೊಟ್ಟದ್ದನ್ನು ಅಧಿಸೂಚನೆಯಿಂದಲೇ ಕಿತ್ತುಕೊಳ್ಳಬಹುದಿತ್ತು, ಕೊನೆಗೆ ಆದದ್ದೂ ಅದೇ.

2001ರಿಂದ 2006ರವರೆಗೆ ನ್ಯಾ. ಎನ್. ವೆಂಕಟಾಚಲ ಅವರ ಕಾಲದಲ್ಲಿ ದಾಳಿಗಳು ಮನೆಮಾತಾದವು. ಅವರ ನಂತರ ಬಂದ ನ್ಯಾ. ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಅಂದಾಜಿಸಿದ ಆ ವರದಿಯ ಬೆನ್ನಲ್ಲೇ ರಾಜ್ಯಕ್ಕೆ ಹೊಸ ಮುಖ್ಯಮಂತ್ರಿ ಬಂದರು. 2015ರಲ್ಲಿ ಸಂಸ್ಥೆಯ ಒಳಗಿನಿಂದಲೇ ಸುಲಿಗೆಯ ಆರೋಪ ಎದ್ದಿತು. ನಂಬಿಕೆ ಕುಸಿದಿದ್ದ ಆ ಹೊತ್ತಿನಲ್ಲಿ, 2016ರ ಮಾರ್ಚ್ 14ರ ಆದೇಶದ ಮೂಲಕ ಭ್ರಷ್ಟಾಚಾರ ನಿಗ್ರಹ ದಳ ಅಂದರೆ ಎಸಿಬಿ ಹುಟ್ಟಿತು. ಲೋಕಾಯುಕ್ತ ಪೊಲೀಸರ ಠಾಣಾ ಅಧಿಕಾರ ಹೋಯಿತು. ಸರ್ಕಾರದ ತಪ್ಪು ಹುಡುಕಬೇಕಾದ ದಳ ಸರ್ಕಾರದ ಕೈಕೆಳಗೇ ಇರುವ ವ್ಯವಸ್ಥೆ ಆರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ವಿಭಾಗೀಯ ಪೀಠ ಎಸಿಬಿ ರಚನೆಯ ಆದೇಶವನ್ನೇ ರದ್ದು ಮಾಡಿತು. ಕಡತಗಳೆಲ್ಲ ಲೋಕಾಯುಕ್ತಕ್ಕೆ ಮರಳಿದವು. ಹೀಗೆ ಕೈ ಬದಲಾಯಿಸಿದ ಪ್ರಕರಣಗಳಲ್ಲಿ ತನಿಖಾಧಿಕಾರಿಯೂ ಬದಲಾಗುತ್ತಾನೆ. ಹೊಸಬ ಕಡತವನ್ನು ಮೊದಲಿನಿಂದ ಓದಬೇಕು. ಆ ನಡುವೆ ಸಾಕ್ಷಿಗಳ ನೆನಪು ಮಸುಕಾಗುತ್ತದೆ.

ಈಗ ಒಂದು ಟ್ರ್ಯಾಪ್ ಪ್ರಕರಣವನ್ನು, ಅಂದರೆ ಲಂಚ ಪಡೆಯುವಾಗಲೇ ಬಲೆ ಬೀಸಿ ಹಿಡಿಯುವ ಪ್ರಕರಣವನ್ನು, ಹಂತಹಂತವಾಗಿ ನೋಡೋಣ. ಖಾತೆ ಮಾಡಿಕೊಡಲು ಲಂಚ ಕೇಳಿದ್ದಾರೆಂದು ಒಬ್ಬರು ದೂರು ಕೊಡುತ್ತಾರೆ. ದೂರುದಾರರ ಕೈಗೆ ರೆಕಾರ್ಡರ್ ಕೊಟ್ಟು ಬೇಡಿಕೆಯ ಮಾತನ್ನು ದಾಖಲಿಸಿಕೊಳ್ಳುವುದು ರೂಢಿ. ಎಫ್‌ಐಆರ್ ಆದ ಮೇಲೆ ಬೇರೆ ಇಲಾಖೆಗಳಿಂದ ಇಬ್ಬರು ಸರ್ಕಾರಿ ನೌಕರರನ್ನು ಪಂಚರಾಗಿ, ಅಂದರೆ ಸ್ವತಂತ್ರ ಸಾಕ್ಷಿಗಳಾಗಿ ಕರೆಸುತ್ತಾರೆ. ಹಣ ದೂರುದಾರರದ್ದೇ. ಪ್ರತಿ ನೋಟಿನ ನಂಬರ್ ಬರೆದುಕೊಂಡು ಫಿನಾಲ್ಫ್‌ಥಲೀನ್ ಪುಡಿ ಸವರುತ್ತಾರೆ. ಒಬ್ಬ ಪಂಚರಿಂದ ನೋಟು ಎಣಿಸಿ ದೂರುದಾರರ ಜೇಬಿಗೆ ಇಡಿಸಿ, ಆ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಎಲ್ಲರೂ ನೋಡುತ್ತಾರೆ. ಇದನ್ನೆಲ್ಲ ಬರೆದಿಡುವುದೇ ಎಂಟ್ರಸ್ಟ್‌ಮೆಂಟ್ ಮಹಜರು, ಅಂದರೆ ಹಣ ಒಪ್ಪಿಸಿದ ದಾಖಲೆ. ಇನ್ನೊಬ್ಬ ಪಂಚ ನೆರಳಿನಂತೆ ದೂರುದಾರರ ಜೊತೆ ಹೋಗಿ ನಡೆದದ್ದನ್ನು ಕಣ್ಣಾರೆ ಕಾಣಬೇಕು, ಕಿವಿಯಾರೆ ಕೇಳಬೇಕು. ಹಣ ಕೈ ಬದಲಾದ ಕೂಡಲೇ ದೂರುದಾರರು ಮೊದಲೇ ಗೊತ್ತುಮಾಡಿದ ಸನ್ನೆ ಮಾಡುತ್ತಾರೆ. ತಂಡ ಒಳನುಗ್ಗಿ ನೌಕರನ ಬಲಗೈ, ಎಡಗೈ ಎರಡನ್ನೂ ಬೇರೆ ಬೇರೆ ಬಟ್ಟಲಲ್ಲಿ ತೊಳೆಸಿ, ಆ ನೀರನ್ನು ಬಾಟಲಿಗಳಲ್ಲಿ ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸುತ್ತದೆ. ಹಣವಿಟ್ಟಿದ್ದ ಜೇಬು, ಬಾಕಿ ಇದ್ದ ಕೆಲಸದ ಕಡತ, ಆ ದಿನದ ಹಾಜರಿ ಪುಸ್ತಕದ ನಕಲು ಎಲ್ಲವೂ ಜಪ್ತಿಯಾಗುತ್ತವೆ. ಆರೋಪಿಯ ಸಮಜಾಯಿಷಿಯನ್ನು ಅಲ್ಲೇ ಬರವಣಿಗೆಯಲ್ಲಿ ಪಡೆಯುತ್ತಾರೆ.

ಇಷ್ಟೆಲ್ಲ ಆದರೂ ಪ್ರಕರಣ ಬೀಳುವುದು ಹೇಗೆ? ಕೈ ಗುಲಾಬಿಯಾದರೆ ಹಣ ಮುಟ್ಟಿದ್ದಾನೆ ಎಂದಷ್ಟೇ ಸಾಬೀತು. ಕೇಳಿದ್ದೂ ಸಾಬೀತಾಗಬೇಕು. ಸಾಲ ವಾಪಸ್ ಕೊಟ್ಟ, ಸರ್ಕಾರಿ ಶುಲ್ಕ ಎಂದುಕೊಂಡೆ, ಬೇಡವೆಂದರೂ ಜೇಬಿಗೆ ತುರುಕಿದ ಎಂಬ ವಾದಗಳು ಈ ಸಂದಿಯಲ್ಲೇ ಬದುಕುತ್ತವೆ. ನೆರಳು ಪಂಚ ಬಾಗಿಲ ಹೊರಗೆ ನಿಂತಿದ್ದರೆ ಬೇಡಿಕೆಗೆ ಉಳಿಯುವ ಸಾಕ್ಷಿ ದೂರುದಾರರೊಬ್ಬರೇ. ವಿಚಾರಣೆ ಬರುವಷ್ಟರಲ್ಲಿ ಅವರ ಖಾತೆ ಆಗಿರುತ್ತದೆ, ವರ್ಷಗಳು ಕಳೆದಿರುತ್ತವೆ, ಅದೇ ಕಚೇರಿಗೆ ಮತ್ತೆ ಅಲೆಯುವ ಅಗತ್ಯವೂ ಇರುತ್ತದೆ. ಅವರು ತಿರುಗಿ ಬೀಳುತ್ತಾರೆ, ಮೊದಲಿನ ಹೇಳಿಕೆಗೆ ವಿರುದ್ಧವಾಗಿ ಸಾಕ್ಷಿ ಹೇಳುತ್ತಾರೆ. ಅವರನ್ನು ದೂಷಿಸುವುದು ಕಷ್ಟ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ, ದೂರುದಾರ ಸತ್ತರೂ ತಿರುಗಿಬಿದ್ದರೂ ಸಾಂದರ್ಭಿಕ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದಿತು. ದೊಡ್ಡ ಆಸರೆ ಅದು. ಆದರೆ ಆ ಸಾಕ್ಷ್ಯವನ್ನು ತನಿಖಾಧಿಕಾರಿ ಮೊದಲ ದಿನವೇ ಕೂಡಿಟ್ಟಿರಬೇಕು: ರೆಕಾರ್ಡಿಂಗ್‌ಗೆ ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ, ಧ್ವನಿ ಮಾದರಿ, ಕರೆ ವಿವರ, ಮ್ಯಾಜಿಸ್ಟ್ರೇಟರ ಮುಂದೆ ದೂರುದಾರರ ಹೇಳಿಕೆ.

ಆದಾಯ ಮೀರಿದ ಆಸ್ತಿಯ ಪ್ರಕರಣಗಳ ಲೆಕ್ಕ ಬೇರೆ. ತನಿಖೆಗೆ ಒಂದು ಅವಧಿ ಗೊತ್ತುಮಾಡುತ್ತಾರೆ. ಅವಧಿಯ ಕೊನೆಯ ಆಸ್ತಿಯಿಂದ ಆರಂಭದ ಆಸ್ತಿಯನ್ನು ಕಳೆದು, ಖರ್ಚು ಕೂಡಿಸಿ, ಗೊತ್ತಿರುವ ಆದಾಯವನ್ನು ಕಳೆಯುತ್ತಾರೆ. ಉಳಿದದ್ದು ಆದಾಯದ ಶೇ 10ರ ಒಳಗಿದ್ದರೆ ನ್ಯಾಯಾಲಯಗಳು ಬಿಟ್ಟುಬಿಟ್ಟ ಉದಾಹರಣೆ 1970ರ ದಶಕದಿಂದಲೂ ಇದೆ. ಕೃಷಿ ಆದಾಯ, ಅತ್ತೆಯ ಕಡೆಯ ಉಡುಗೊರೆ, ಕಟ್ಟಡದ ಮೌಲ್ಯಮಾಪನ ಈ ಮೂರರಲ್ಲೇ ಲೆಕ್ಕ ಕರಗಿಹೋಗುವುದು ಹೆಚ್ಚು.

ತನಿಖೆ ಚೆನ್ನಾಗಿಯೇ ಆಯಿತು ಎನ್ನೋಣ. ಈಗ ಕಡತ ಸರ್ಕಾರದ ಬಾಗಿಲಿಗೆ ಹೋಗಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ನೌಕರನನ್ನು ಕೆಲಸದಿಂದ ತೆಗೆಯುವ ಅಧಿಕಾರ ಯಾರಿಗಿದೆಯೋ ಅವರ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಪ್ರಕರಣವನ್ನು ಪರಿಗಣನೆಗೇ ತೆಗೆದುಕೊಳ್ಳುವಂತಿಲ್ಲ. ಎಫ್‌ಐಆರ್, ಎಂಟ್ರಸ್ಟ್‌ಮೆಂಟ್ ಮತ್ತು ಟ್ರ್ಯಾಪ್ ಮಹಜರು, ಎಫ್‌ಎಸ್‌ಎಲ್ ವರದಿ, ಸಾಕ್ಷಿಗಳ ಹೇಳಿಕೆ ಎಲ್ಲ ಆ ಪ್ರಾಧಿಕಾರದ ಮುಂದೆ ಬರುತ್ತವೆ. ಅವರು ಓದಿ, ಯೋಚಿಸಿ ಆದೇಶ ಬರೆಯಬೇಕು. ಪೊಲೀಸರು ಕಳಿಸಿದ ಕರಡಿಗೆ ಕಣ್ಣುಮುಚ್ಚಿ ಸಹಿ ಹಾಕಿದರೆ ಪಾಟೀಸವಾಲಿನಲ್ಲಿ ಅದು ಬಯಲಾಗುತ್ತದೆ. ತಪ್ಪು ಅಧಿಕಾರಿ ಸಹಿ ಹಾಕಿದರೆ ಇನ್ನೂ ಕಷ್ಟ. ಕರ್ನಾಟಕದ ಗ್ರಾಮ ಪಂಚಾಯಿತಿ ಬಿಲ್ ಕಲೆಕ್ಟರ್ ಒಬ್ಬರ 500 ರೂಪಾಯಿ ಲಂಚದ ಪ್ರಕರಣದಲ್ಲಿ, ಅನುಮತಿ ಕೊಟ್ಟವರಿಗೆ ಆ ಅಧಿಕಾರವೇ ಇರಲಿಲ್ಲ ಎಂಬ ಕಾರಣಕ್ಕೆ ಇಡೀ ವಿಚಾರಣೆಯೇ ಅಸಿಂಧು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

2018ರ ಜುಲೈನಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿತು. ನಿವೃತ್ತರಿಗೂ 19ನೇ ಸೆಕ್ಷನ್ ರಕ್ಷಣೆ ಸಿಕ್ಕಿತು. ಹೊಸ 17ಎ ಸೆಕ್ಷನ್ ಪ್ರಕಾರ, ಅಧಿಕಾರದಲ್ಲಿದ್ದಾಗ ತೆಗೆದುಕೊಂಡ ನಿರ್ಧಾರ ಅಥವಾ ಮಾಡಿದ ಶಿಫಾರಸಿನ ಬಗ್ಗೆ ತನಿಖೆ ಶುರು ಮಾಡುವುದಕ್ಕೇ ಪೂರ್ವಾನುಮೋದನೆ ಬೇಕಾಯಿತು. ಲಂಚ ತೆಗೆದುಕೊಳ್ಳುವಾಗಲೇ ಹಿಡಿದರೆ ಇದು ಅನ್ವಯಿಸುವುದಿಲ್ಲ. ಇದರ ಫಲ ಏನೆಂದು ಬಿಡಿಸಿ ಹೇಳಬೇಕು: ಸಾವಿರ ರೂಪಾಯಿಗೆ ಕೈಯೊಡ್ಡುವ ಗುಮಾಸ್ತನನ್ನು ಅಂದೇ ಹಿಡಿಯಬಹುದು, ಟೆಂಡರ್, ಭೂಸ್ವಾಧೀನ ಕೈಬಿಡುವ ಡಿನೋಟಿಫಿಕೇಶನ್, ನಿವೇಶನ ಹಂಚಿಕೆಯ ಕಡತದ ಮೇಲೆ ಸಹಿ ಹಾಕಿದವರ ವಿಷಯದಲ್ಲಿ ಮೊದಲು ಸರ್ಕಾರವನ್ನು, ಅಥವಾ ಅವರನ್ನು ತೆಗೆಯುವ ಅಧಿಕಾರವಿರುವವರನ್ನು ಕೇಳಬೇಕು. ಪ್ರಾಮಾಣಿಕ ಅಧಿಕಾರಿ ಹೆದರದೆ ನಿರ್ಧಾರ ಮಾಡಲಿ ಎಂಬ ಉದ್ದೇಶವನ್ನು ತಳ್ಳಿಹಾಕಲಾಗದು. ಆದರೆ ಸೋಸುವ ಜರಡಿಯನ್ನು ಹಿಡಿಯಬೇಕಾದವರು ಸ್ವತಂತ್ರರಾಗಿರಬೇಕಿತ್ತು.

ಎರಡೂ ಅನುಮತಿಗೆ ಗಡುವು ಮೂರು ತಿಂಗಳು, ಕಾರಣ ಬರೆದು ಇನ್ನೊಂದು ತಿಂಗಳು ವಿಸ್ತರಣೆ. 19ನೇ ಸೆಕ್ಷನ್‌ನ ಗಡುವು ಕಡ್ಡಾಯ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಡುವು ಮೀರಿದ ಮಾತ್ರಕ್ಕೆ ಪ್ರಕರಣ ರದ್ದಾಗದು, ತಡ ಮಾಡಿದ ಪ್ರಾಧಿಕಾರ ಉತ್ತರ ಕೊಡಬೇಕು ಎಂದೂ ಹೇಳಿತು. ಉತ್ತರ ಕೊಟ್ಟವರು ಯಾರು ಎಂದು ಕೇಳಿದರೆ ಕಚೇರಿಗಳಲ್ಲಿ ಸಿಗುವುದು ಮೌನ. ಕಡತ ಇಲಾಖೆಯಿಂದ ಕಾನೂನು ಅಭಿಪ್ರಾಯಕ್ಕೆ, ಅಲ್ಲಿಂದ ಮತ್ತೆ ಇಲಾಖೆಗೆ, ಸ್ಪಷ್ಟೀಕರಣಕ್ಕೆಂದು ಲೋಕಾಯುಕ್ತಕ್ಕೆ, ಹೀಗೆ ಓಡಾಡುತ್ತದೆ. ಪ್ರತಿ ಓಡಾಟಕ್ಕೂ ಕಡತದಲ್ಲಿ ಸಕಾರಣದ ಟಿಪ್ಪಣಿ ಇರುತ್ತದೆ.

ಇನ್ನೊಂದು ಕೈ, ಅಂದರೆ ಲೋಕಾಯುಕ್ತರ ವಿಚಾರಣಾ ವರದಿಯ ಪಾಡು ಇದಕ್ಕಿಂತ ಭಿನ್ನವಲ್ಲ. 1984ರ ಕಾಯ್ದೆಯ 12(3) ಅಡಿ ಸಲ್ಲಿಸಿದ ವರದಿಯ ಮೇಲೆ ಏನು ಕ್ರಮ ಕೈಗೊಂಡಿರಿ ಎಂದು ಸಕ್ಷಮ ಪ್ರಾಧಿಕಾರ ಮೂರು ತಿಂಗಳಲ್ಲಿ ತಿಳಿಸಬೇಕು. ಸಮಾಧಾನವಾಗದಿದ್ದರೆ ಲೋಕಾಯುಕ್ತರು ರಾಜ್ಯಪಾಲರಿಗೆ ವಿಶೇಷ ವರದಿ ಕೊಡಬಹುದು, ಅದು ಸದನದ ಮುಂದೆ ಬರಬೇಕು. ನೌಕರರ ಮೇಲಿನ ಇಲಾಖಾ ವಿಚಾರಣೆಯನ್ನೂ ಸರ್ಕಾರಿ ನೌಕರರ ಶಿಸ್ತುಕ್ರಮಕ್ಕೆ ಸಂಬಂಧಿಸಿದ 1957ರ ಸಿಸಿಎ ನಿಯಮಗಳ 14-ಎ ಅಡಿ ಲೋಕಾಯುಕ್ತಕ್ಕೆ ಒಪ್ಪಿಸುತ್ತಾರೆ. ಅಲ್ಲಿ ಆರೋಪ ಸಾಬೀತಾದರೂ ದಂಡನೆಯ ಆದೇಶ ಹೊರಡಿಸಬೇಕಾದದ್ದು ಇಲಾಖೆಯೇ. ನಿವೃತ್ತಿ ಸಮೀಪಿಸಿದವರ ಕಡತ ಇಲ್ಲಿ ಮಲಗಿತೆಂದರೆ, ವಜಾ ಎಂಬ ಶಿಕ್ಷೆಯೇ ಅರ್ಥ ಕಳೆದುಕೊಂಡು ಪಿಂಚಣಿ ಕಡಿತವಷ್ಟೇ ಉಳಿಯುತ್ತದೆ.

ಲೋಕಾಯುಕ್ತರು ಯಾರಾಗಬೇಕು ಎಂಬ ಬಗ್ಗೆ ನಾವು ಮೂರು ದಶಕ ಚರ್ಚಿಸಿದ್ದೇವೆ. ಅನುಮತಿ ಕೋರಿ ಯಾವ ಕಡತ ಯಾವ ದಿನ ಯಾವ ಇಲಾಖೆಗೆ ಹೋಯಿತು, ನಾಲ್ಕು ತಿಂಗಳು ಎಂದು ಮುಗಿಯಿತು, ಈಗ ಯಾರ ಮೇಜಿನಲ್ಲಿದೆ ಎಂಬ ಪಟ್ಟಿಯನ್ನು ಪ್ರತಿ ಅಧಿವೇಶನದಲ್ಲೂ ಸದನದ ಮುಂದೆ ಇಡಿ ಎಂದು ಅಷ್ಟೇ ಜೋರಾಗಿ ಕೇಳಿದವರು ಕಡಿಮೆ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ತಿದ್ದುಪಡಿಯೂ ಬೇಕಿಲ್ಲ. ಒಂದು ಸರ್ಕಾರಿ ಆದೇಶ ಸಾಕು.