ಮೊದಲ ನಾಲ್ಕು ಹೆಜ್ಜೆಯ ಬೆಲೆ

2023ರ ಫೆಬ್ರವರಿ 26ರಂದು ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ನಡೆದ ಒಂದು ವ್ಯಾಪಾರ ಕಂಡು ಬಲ್ಲವರೆಲ್ಲ ಹುಬ್ಬೇರಿಸಿದರು. ನ್ಯಾಶ್‌ವಿಲ್ ತಂಡದ ಫಾರ್ವರ್ಡ್ ಟ್ಯಾನರ್ ಜೆನೋ ಅವರನ್ನು ಟ್ಯಾಂಪಾ ಬೇ ತಂಡ ಕೊಂಡಿತು. ಪ್ರತಿಯಾಗಿ ಕೊಟ್ಟದ್ದು ಒಬ್ಬ ಯುವ ಡಿಫೆನ್ಸ್ ಆಟಗಾರ ಮತ್ತು ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಐದು ಆಯ್ಕೆಗಳು: ಒಂದನೆಯಿಂದ ಐದನೆಯ ಸುತ್ತಿನವರೆಗೆ ಪ್ರತಿ ಸುತ್ತಿಗೂ ಒಂದೊಂದು. ಆ ಋತುವಿನ 56 ಪಂದ್ಯಗಳಲ್ಲಿ ಜೆನೋ ಹೊಡೆದಿದ್ದು 5 ಗೋಲು ಮಾತ್ರ!

ಟ್ಯಾಂಪಾದವರು ಕೊಂಡದ್ದು ಗೋಲನ್ನಲ್ಲ, ಮೈಗೆ ಮೈ ಕೊಟ್ಟು ಆಡುವ ಗಟ್ಟಿತನವನ್ನು. ಕೊಡಗಿನ ಮೈದಾನಗಳ ಹಾಕಿ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನಿಸಬಹುದು. ಅಲ್ಲಿ ಎದುರಾಳಿಗೆ ಭುಜ ಕೊಟ್ಟರೆ ಫೌಲ್. ಐಸ್ ಮೇಲಿನ ಆಟದಲ್ಲಿ ಪಕ್ (ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ) ಇರುವವನನ್ನು ಭುಜದಿಂದ ಗುದ್ದಿ ಅಂಚಿನ ಬೋರ್ಡಿಗೆ ಒತ್ತುವುದು ನಿಯಮಬದ್ಧ. ಆದರೆ ಗುದ್ದಬೇಕಾದರೆ ಮೊದಲು ಅಲ್ಲಿಗೆ ಹೋಗಿ ಮುಟ್ಟಬೇಕು. ಇಂಥ ಆಟಗಾರನ ಬೆಲೆ ಕಟ್ಟುವಾಗ ಸಂತೆ ಎಡವುವುದು ಇಲ್ಲೇ.

ವೇಗ ಎಂದೊಡನೆ ಎಲ್ಲರೂ ಗರಿಷ್ಠ ವೇಗದ ಅಂಕಿ ಹುಡುಕುತ್ತಾರೆ. ಲೀಗ್‌ನ ಪಂದ್ಯಗಳಲ್ಲಿ ಜೆರ್ಸಿಯೊಳಗೆ ಸೆನ್ಸರ್ ಇರುತ್ತದೆ. 2023ರಿಂದ ಈ ಲೆಕ್ಕ ಸಾರ್ವಜನಿಕರಿಗೂ ಸಿಗುತ್ತಿದೆ. ಗಂಟೆಗೆ 18, 20, 22 ಮೈಲಿ (29, 32, 35 ಕಿ.ಮೀ.) ದಾಟಿದ ಓಟಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ತಾರಾ ಆಟಗಾರರ ಆಲ್-ಸ್ಟಾರ್ ಸ್ಪರ್ಧೆಯಲ್ಲಿ ರಿಂಕ್ (ಐಸ್ ಅಂಗಣ) ಸುತ್ತುವ ಓಟವಂತೂ ಪ್ರಸಿದ್ಧ: 1996ರಲ್ಲಿ ಮೈಕ್ ಗಾರ್ಟ್ನರ್ 13.386 ಸೆಕೆಂಡು, 20 ವರ್ಷಗಳ ಬಳಿಕ ಡಿಲನ್ ಲಾರ್ಕಿನ್ 13.172. (ಲಾರ್ಕಿನ್‌ಗೆ ಓಡುತ್ತಲೇ ಗೆರೆ ದಾಟುವ ಅವಕಾಶವಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅಷ್ಟು ನ್ಯಾಯವಲ್ಲ.)

ಗಟ್ಟಿ ಫಾರ್ವರ್ಡ್‌ಗೆ ಸುತ್ತು ಹೊಡೆಯುವ ಕೆಲಸವೇ ಇಲ್ಲ. ಅವನ ಕೆಲಸ ಫೋರ್‌ಚೆಕ್: ಎದುರಾಳಿಯ ಮೂಲೆಗೆ ಪಕ್ ಬಿದ್ದಾಗ ಅದನ್ನೆತ್ತಲು ತಿರುಗಿದ ಡಿಫೆನ್ಸ್ ಆಟಗಾರನ ಮೇಲೆ, ಆತ ಪಾಸ್ ಕೊಡುವ ಮೊದಲೇ, ಎರಗುವುದು. ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 4 ಮೀಟರ್‌ನಷ್ಟು ಏರಿ, ಸೆಕೆಂಡಿಗೆ 8.5 ಮೀಟರ್ ಮುಟ್ಟಿದ ಮೇಲೆ ಏರುವುದಿಲ್ಲ. ಇನ್ನೊಬ್ಬ 3.2ರಂತೆ ನಿಧಾನ ಏರುತ್ತಾನೆ, ಆದರೆ 9.8ರವರೆಗೂ ಹೋಗುತ್ತಾನೆ. 60 ಮೀಟರ್ ಓಡಿಸಿದರೆ ಎರಡನೆಯವ ಸುಮಾರು ಅರ್ಧ ಸೆಕೆಂಡು ಮುಂದೆ. ಅಂಕಿಪಟ್ಟಿಯಲ್ಲಿ ಅವನೇ ವೇಗಿ. 12 ಮೀಟರ್ ಓಡಿಸಿ ನೋಡಿ: ಮೊದಲನೆಯವನಿಗೆ 2.47 ಸೆಕೆಂಡು, ಎರಡನೆಯವನಿಗೆ 2.74. ಆ ಕಾಲು ಸೆಕೆಂಡಿನಲ್ಲಿ ಪಾಸ್ ಹೋಗಿಯೇಬಿಟ್ಟಿರುತ್ತದೆ. ತಡವಾಗಿ ಬಂದವನು ಆಮೇಲೆ ಗುದ್ದಿದರೂ ಅಂಕಿಪಟ್ಟಿಯಲ್ಲಿ ಒಂದು ‘ಹಿಟ್’ ಸೇರುತ್ತದೆ, ಆದರೆ ಪಕ್ ಎದುರಾಳಿಯ ಬಳಿಯೇ ಇರುತ್ತದೆ.

ಹಿಟ್ ಎಣಿಕೆಯನ್ನು ನೆಚ್ಚಿಕೊಳ್ಳಬಾರದು ಎನ್ನುವುದು ಇದಕ್ಕೇ. ಪಕ್ ನಮ್ಮ ಹತ್ತಿರ ಇದ್ದರೆ ನಾವು ಯಾರನ್ನೂ ಗುದ್ದುವುದಿಲ್ಲ. ಹಿಟ್ ಹೆಚ್ಚಿದಷ್ಟೂ ಪಕ್ ಇಲ್ಲದೆ ಕಳೆದ ಹೊತ್ತು ಹೆಚ್ಚು. ಸಾಲದ್ದಕ್ಕೆ, ಇದನ್ನು ಎಣಿಸುವವರು ಆಯಾ ಅಂಗಣದ ಸಿಬ್ಬಂದಿ. ಒಂದೂರಿನಲ್ಲಿ ಹಿಟ್ ಎನಿಸಿದ್ದು ಇನ್ನೊಂದೂರಿನಲ್ಲಿ ಬರೀ ತಾಗಾಟ.

ಆ ಮೊದಲ ಏರಿಕೆ ಎಲ್ಲಿಂದ ಬರುತ್ತದೆ? ಸ್ಕೇಟ್‌ನ ಬ್ಲೇಡ್ ತನ್ನ ಉದ್ದಕ್ಕೆ ಜಾರುತ್ತದೆ; ಆ ದಿಕ್ಕಿನಲ್ಲಿ ಒದೆಯಲು ಹಿಡಿತವೇ ಸಿಗದು. ಹೀಗಾಗಿ ಒದೆತವೆಲ್ಲ ಬ್ಲೇಡ್‌ಗೆ ಅಡ್ಡಲಾಗಿ. ನಿಂತಲ್ಲಿಂದ ಹೊರಡುವಾಗ ಪಾದವನ್ನು ಹೊರಕ್ಕೆ ತಿರುಗಿಸಿ, ಮೂರು ನಾಲ್ಕು ಹೆಜ್ಜೆ ಅಕ್ಷರಶಃ ಓಡಬೇಕು. ಆಮೇಲಷ್ಟೇ ಉದ್ದನೆಯ ಜಾರುಹೆಜ್ಜೆ. ಮೊಣಕಾಲು ಚೆನ್ನಾಗಿ ಮಡಿಸದೆ ನೆಟ್ಟಗೆ ನಿಂತು ಓಡುವವನ ಒದೆತ ಗಿಡ್ಡ, ಕಾಲಿನ ಬಲ ಅರ್ಧಕ್ಕೇ ಮುಗಿಯುತ್ತದೆ. ದೊಡ್ಡ ಮೈಯ ಆಟಗಾರರಲ್ಲಿ ಪದೇ ಪದೇ ಕಾಣುವ ದೋಷ ಇದು.

ಉಳಿದದ್ದು ಸಾಣೆಯ ಕೈಯಲ್ಲಿದೆ. ಬ್ಲೇಡ್ ಸುಮಾರು 3 ಮಿ.ಮೀ. ದಪ್ಪ. ಅದರ ತಳ ಚಪ್ಪಟೆಯಲ್ಲ. ಸಾಣೆಚಕ್ರ ಅಲ್ಲಿ ಉದ್ದಕ್ಕೂ ಒಂದು ಕಮಾನಿನ ತೋಡು ಕೊರೆದು ಎರಡು ಅಂಚುಗಳನ್ನು ಬಿಡುತ್ತದೆ. ಕಮಾನಿನ ತ್ರಿಜ್ಯ ಸಾಮಾನ್ಯವಾಗಿ ಅರ್ಧ ಇಂಚಿನ ಆಸುಪಾಸು. ಇದನ್ನು 3/8 ಇಂಚಿಗೆ ಇಳಿಸಿದರೆ ತೋಡು ಆಳವಾಗಿ ಅಂಚು ಐಸನ್ನು ಚೆನ್ನಾಗಿ ಕಚ್ಚುತ್ತದೆ, ಥಟ್ಟನೆ ಹೊರಡಲು ಒಳ್ಳೆಯದು. ಆದರೆ ಜಾರು ಕಡಿಮೆ, ಕಾಲು ಬೇಗ ಸೋಲುತ್ತದೆ. 5/8ಕ್ಕೆ ಏರಿಸಿದರೆ ಸಲೀಸಾಗಿ ಜಾರುತ್ತದೆ, ತಿರುವಿನಲ್ಲಿ ಹಿಡಿತ ಸಡಿಲ. ಭಾರದ ಆಟಗಾರನ ತೂಕವೇ ಅಂಚನ್ನು ಒಳಗೆ ಒತ್ತುವುದರಿಂದ ಅವನಿಗೆ ಆಳದ ತೋಡು ಅಷ್ಟಾಗಿ ಬೇಡ. ಎಡವಟ್ಟಾಗುವುದು ಎರಡು ಅಂಚಿನ ಎತ್ತರ ಸಮ ಇಲ್ಲದಾಗ: ಒಂದು ಪಕ್ಕಕ್ಕೆ ಒದೆದರೆ ಸರಿ, ಇನ್ನೊಂದಕ್ಕೆ ಒದೆದರೆ ಜಾರಿ ಬೀಳುವುದೇ. ಬ್ಲೇಡ್ ಮೇಲೆ ನೇರವಾದ ಪಟ್ಟಿಯೊಂದನ್ನು ಅಡ್ಡ ಇಟ್ಟು ಅದು ವಾಲುತ್ತದೆಯೇ ಎಂದು ನೋಡಿದರೆ ಇದು ಗೊತ್ತಾಗುತ್ತದೆ. ಗೋಲ್‌ಕಂಬಕ್ಕೋ ಇನ್ನೊಬ್ಬನ ಬ್ಲೇಡ್‌ಗೋ ತಾಗಿ ಅಂಚು ಮುಕ್ಕಾದರೂ ಅದೇ ಗತಿ. ಅದಕ್ಕೇ ಬೆಂಚಿನ ಹಿಂದೆ ಸಾಣೆ ಹಿಡಿದ ಬದಲಿ ಬ್ಲೇಡ್‌ಗಳು ಸಿದ್ಧವಾಗಿರುತ್ತವೆ.

ತಿರುವಿನ ಲೆಕ್ಕ ಇನ್ನೂ ಕಠಿಣ. ಸೆಕೆಂಡಿಗೆ 9 ಮೀಟರ್ ವೇಗದಲ್ಲಿ 8 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಳ್ಳಲು ಮೈಯನ್ನು ಸುಮಾರು 45 ಡಿಗ್ರಿ ವಾಲಿಸಬೇಕು. ಅಷ್ಟು ಭಾರವನ್ನು ಹಿಡಿಯುವುದು ಆ ತೆಳು ಅಂಚು. ಐಸ್ ಮೆತ್ತಗಾಗಿದ್ದರೆ ಅದೂ ಕೈಕೊಡುತ್ತದೆ. ಟ್ಯಾಂಪಾದಂಥ ಸೆಕೆಯ ಊರಿನಲ್ಲಿ ವಸಂತ ಕಾಲದ ಪಂದ್ಯಗಳಲ್ಲಿ, ಪ್ರತಿ 20 ನಿಮಿಷದ ಅವಧಿ ಮುಗಿಯುವ ಹೊತ್ತಿಗೆ ಮೇಲ್ಪದರ ಪುಡಿಪುಡಿಯಾಗಿರುತ್ತದೆ. ಆಗ ನಾಜೂಕು ಆಟಗಾರನ ಪಾಸ್ ಪುಟಿಯುತ್ತದೆ. ಮೂಲೆಯಲ್ಲಿ ತಳ್ಳಾಡುವವನಿಗೆ ಅಷ್ಟೇನೂ ನಷ್ಟವಿಲ್ಲ.

ಗುದ್ದಿನ ಬಲಕ್ಕೂ ವೇಗವೇ ಮೂಲ. ಸಾಮಗ್ರಿ ಸೇರಿ 100 ಕೆ.ಜಿ. ತೂಗುವವನು ಗಂಟೆಗೆ 20 ಕಿ.ಮೀ.ನಲ್ಲಿ ಬಂದರೆ ಚಲನಶಕ್ತಿ ಸುಮಾರು 1,540 ಜೂಲ್, 30 ಕಿ.ಮೀ.ನಲ್ಲಿ ಬಂದರೆ 3,470. ವೇಗ ಒಂದೂವರೆ ಪಟ್ಟಾದರೆ ಪೆಟ್ಟು ಎರಡೂಕಾಲು ಪಟ್ಟು. ಪೆಟ್ಟು ಕೊಟ್ಟವನ ಭುಜ, ಮೊಣಕಾಲಿಗೂ ಅದರ ಪಾಲು ಸಲ್ಲುತ್ತದೆ. ಇಂಥ ಆಟಗಾರರು ಬೇಗ ಸವೆಯುತ್ತಾರೆ, ವಯಸ್ಸನ್ನು ಬೆಲೆಯಿಂದ ಕಳೆಯಲೇಬೇಕು. ಒಬ್ಬ ಆಟಗಾರ ಒಮ್ಮೆ ಐಸ್ ಮೇಲಿರುವುದು ಸುಮಾರು 45 ಸೆಕೆಂಡು. ಕೊನೆಯ 15 ಸೆಕೆಂಡಿನಲ್ಲೂ ಅದೇ ಏರಿಕೆ ಉಳಿದಿದೆಯೇ ಎಂದು ವಿಡಿಯೊ ನೋಡಿ ಅಳೆಯುವ ಸ್ಕೌಟ್ (ತಂಡಕ್ಕೆ ಆಟಗಾರರನ್ನು ಹುಡುಕುವವನು) ಗರಿಷ್ಠ ವೇಗದ ಪಟ್ಟಿ ಹಿಡಿದವನಿಗಿಂತ ಜಾಣ.

ಈಗ ಹಣದ ಮಾತು. ಲೀಗ್‌ನಲ್ಲಿ ಸಂಬಳಕ್ಕೆ ಮಿತಿ ಇದೆ: 2022–23ರಲ್ಲಿ ತಂಡಕ್ಕೆ 8.25 ಕೋಟಿ ಡಾಲರ್. ಆ ಮಿತಿಯಲ್ಲಿ ಜೆನೋ ಅವರ ಪಾಲು 8 ಲಕ್ಷ, ಶೇ. 1ಕ್ಕೂ ಕಡಿಮೆ. ತಾರೆಗಳಿಗೆ ಹಣ ಸುರಿದು ಜೇಬು ಬರಿದಾದ ತಂಡಕ್ಕೆ ಇದೇ ದೊಡ್ಡ ಆಕರ್ಷಣೆ. ಟ್ಯಾಂಪಾಕ್ಕೆ ಹಳೆಯ ರುಚಿಯೂ ಇತ್ತು. 2020ರ ಫೆಬ್ರವರಿಯಲ್ಲಿ ಬ್ಲೇಕ್ ಕೋಲ್‌ಮನ್ (18 ಲಕ್ಷ) ಮತ್ತು ಬಾರ್ಕ್ಲೇ ಗುಡ್ರೋ (9.25 ಲಕ್ಷ) ಅವರನ್ನು ಮೊದಲ ಸುತ್ತಿನ ಆಯ್ಕೆಗಳನ್ನೇ ಕೊಟ್ಟು ತಂದು, 2020 ಮತ್ತು 2021ರಲ್ಲಿ ಲೀಗ್‌ನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದಿತ್ತು. ಇಬ್ಬರೂ ಗುದ್ದುವವರೇ, ಆದರೆ ಪಕ್ ಬಳಿಗೆ ಮೊದಲು ಮುಟ್ಟುವವರು.

ಜೆನೋ ಬೆಲೆಯನ್ನು ಏರಿಸಿದ್ದು ಹಿಂದಿನ ಋತು: 24 ಗೋಲು, ಅದೂ 124 ಹೊಡೆತಗಳಲ್ಲಿ. ಅಂದರೆ ನೂರಕ್ಕೆ 19. ಲೀಗ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸು. ಅಷ್ಟೇ ಹೊಡೆತಗಳಿಗೆ ಸಾಮಾನ್ಯ ದರ ಹಾಕಿದ್ದರೆ ಗೋಲು 12 ಇರುತ್ತಿತ್ತು. ಹೊಡೆತದ ಸಂಖ್ಯೆ ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಬದಲಾಗದು, ಗೋಲಿನ ದರ ಮಾತ್ರ ಗಾಳಿಪಟ. ಟ್ಯಾಂಪಾದಲ್ಲಿ ಅವರು 75 ಪಂದ್ಯಗಳಲ್ಲಿ 8 ಗೋಲು ಹೊಡೆದರು. 2024ರ ಜೂನ್‌ನಲ್ಲಿ ತಂಡ ಅವರನ್ನು ಲಾಸ್ ಏಂಜಲೀಸ್‌ಗೆ ಎರಡನೇ ಮತ್ತು ನಾಲ್ಕನೇ ಸುತ್ತಿನ ಒಂದೊಂದು ಆಯ್ಕೆಗೆ ಬಿಟ್ಟುಕೊಟ್ಟಿತು.

2025ರ ಜುಲೈ 1ರಂದು ಬೋಸ್ಟನ್ ತಂಡ ಜೆನೋ ಅವರೊಂದಿಗೆ ಐದು ವರ್ಷಕ್ಕೆ 1.7 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ 34 ಲಕ್ಷ, 9.55 ಕೋಟಿಗೆ ಏರಿದ 2025–26ರ ಮಿತಿಯಲ್ಲಿ ಶೇ. 3.6. ಸಹಿ ಹಾಕಿದಾಗ ಜೆನೋಗೆ 28 ವರ್ಷ, ಒಪ್ಪಂದ ಮುಗಿಯುವಾಗ 33.